ಹಿಂಸೆಯ ನಕ್ಷೆಯೂ ಊರಿನ ಹೊಣೆಯೂ

“ಆ ಕೇರಿಯೇ ಹಾಗೆ” ಎಂಬ ಮಾತನ್ನು ನಮ್ಮ ಊರುಗಳಲ್ಲಿ ಕೇಳದ ಕಿವಿಯಿಲ್ಲ. ಒಂದು ಬೀದಿಯಲ್ಲಿ ಹೊಡೆದಾಟವಾಯಿತು, ಒಬ್ಬನಿಗೆ ಮಚ್ಚಿನ ಏಟು ಬಿದ್ದಿತು, ರಾತ್ರಿ ಹೊತ್ತು ಒಂದು ಮನೆಯಿಂದ ಹೆಂಗಸಿನ ಕೂಗು ಕೇಳಿಬಂದಿತು ಎಂದೊಡನೆ ಬೇರೆ ಬೀದಿಯವರು ಈ ಮಾತನ್ನಾಡಿ ಬಾಗಿಲು ಹಾಕಿಕೊಳ್ಳುತ್ತಾರೆ. ಮಾತು ಚಿಕ್ಕದು, ಆದರೆ ಅದರೊಳಗೆ ಒಂದು ಸಿದ್ಧಾಂತವೇ ಅಡಗಿದೆ. ಹಿಂಸೆಗೆ ಒಂದು ಸ್ಥಳವುಂಟು, ಆ ಸ್ಥಳಕ್ಕೆ ಒಂದು ಸ್ವಭಾವವುಂಟು, ಆ ಸ್ವಭಾವಕ್ಕೂ ನಮಗೂ ಸಂಬಂಧವಿಲ್ಲ ಎಂಬ ಮೂರು ಅಭಿಪ್ರಾಯಗಳು ಅದರಲ್ಲಿ ಸೇರಿವೆ. ಇವುಗಳಲ್ಲಿ ಮೊದಲನೆಯದು ಬಹುಮಟ್ಟಿಗೆ ನಿಜ, ಎರಡನೆಯದು ಅರ್ಧ ನಿಜ, ಮೂರನೆಯದು ಸುಳ್ಳು. ಈ ಮೂರನ್ನೂ ಒಂದೊಂದಾಗಿ ತೂಗಿ ನೋಡಿ, ಹಿಂಸೆಯು ಸ್ಥಳವನ್ನು ಹಿಡಿದು ಬರುವುದಾದರೆ ಅದರ ಹೊಣೆಯು ಯಾರಿಗೆ ಸೇರತಕ್ಕದ್ದೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಹಿಂಸೆಯ ನೆನಪನ್ನು ಸ್ಥಳದೊಡನೆ ಸೇರಿಸಿ ಗುರುತು ಮಾಡಿಡುವ ಪದ್ಧತಿಯು ನಮ್ಮ ಸೀಮೆಗೆ ಹೊಸದಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ತಿರುಗಾಡಿದವರು ವೀರಗಲ್ಲುಗಳನ್ನು ನೋಡದೆ ಇರಲಾರರು. 1902ರಲ್ಲಿ ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ ಇಂಥ ಕಲ್ಲುಗಳ ಬರಹಗಳೂ ಅಚ್ಚಿಗೆ ಬಂದವು. ವೀರಗಲ್ಲಿನ ಬರಹವು ಅನೇಕ ವೇಳೆ ಸತ್ತವನ ಹೆಸರನ್ನು ಹೇಳಿ ಸುಮ್ಮನಾಗುವುದಿಲ್ಲ. ಕಾಳಗವು ಏತಕ್ಕಾಗಿ ಆಯಿತೆಂಬುದನ್ನೂ ತಿಳಿಸುತ್ತದೆ. ತುರುಗೋಳು ಎಂದರೆ ದನಗಳ ಅಪಹರಣ, ಊರಳಿವು ಎಂದರೆ ಊರಿನ ನಾಶ, ಪೆಣ್ಬುಯ್ಯಲು ಎಂದರೆ ಹೆಂಗಸರ ಮೊರೆ. ಈ ಪದಗಳು ಕನ್ನಡನಾಡಿನ ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅವನ್ನೆಲ್ಲ ಒಂದೆಡೆ ಇಟ್ಟು ಓದಿದವನಿಗೆ, ಕಾವಲಿಲ್ಲದ ಮೇವುಗಾಡಿನಲ್ಲಿ, ತೀರ್ಮಾನವಾಗದ ಗಡಿಯಲ್ಲಿ, ಆಳುವವನ ಕೈ ಎಟುಕದ ಅಂಚಿನಲ್ಲಿ ನೆತ್ತರು ಹರಿಯಿತೆಂಬುದು ತಾನಾಗಿ ತೋರಿಬರುತ್ತದೆ. ಕಲ್ಲನ್ನು ನಿಲ್ಲಿಸಿದವರ ಉದ್ದೇಶವು ವೀರನ ಸ್ತುತಿ. ಆದರೆ ಅವರಿಗೆ ಗೊತ್ತಿಲ್ಲದೆಯೇ ಅದು ಆ ಕಾಲದ ಸಮಾಜದ ಬಲಹೀನ ಸ್ಥಳಗಳ ಸಾಕ್ಷಿಯೂ ಆಯಿತು.

ನಮ್ಮ ಕಾಲದಲ್ಲಿ ಕಲ್ಲಿನ ಬದಲು ಕಾಗದವು ಬಂದಿದೆ. ಠಾಣೆಯಲ್ಲಿ ದೂರು ದಾಖಲಾಗುತ್ತದೆ. ಅದಕ್ಕೆ ಕಾಯಿದೆಯ ಕಲಮುಗಳ ಸಂಖ್ಯೆ ಬೀಳುತ್ತದೆ. ಸಂಖ್ಯೆಗಳು ಕೂಡಿ ಜಿಲ್ಲೆಯ ಲೆಕ್ಕವಾಗುತ್ತವೆ. 1953ರಿಂದ ಭಾರತ ಸರ್ಕಾರವು ದೇಶದ ಅಪರಾಧಗಳ ವಾರ್ಷಿಕ ಅಂಕಿಗಳನ್ನು ಪ್ರಕಟಿಸುತ್ತ ಬಂದಿದೆ. ಬೆಂಗಳೂರಿನಂಥ ಮಹಾನಗರಕ್ಕೆ ಅದರಲ್ಲಿ ಪ್ರತ್ಯೇಕ ಪುಟಗಳುಂಟು. ಅರಕಲಗೂಡಿಗೆ ಇಲ್ಲ, ಹೊಳೆನರಸೀಪುರಕ್ಕೆ ಇಲ್ಲ. ಅವು ಜಿಲ್ಲೆಯ ಒಟ್ಟು ಅಂಕಿಯಲ್ಲಿ ಕರಗಿಹೋಗುತ್ತವೆ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ 17,76,421 ಜನರಲ್ಲಿ ಐದರಲ್ಲೊಂದು ಪಾಲು ಮಾತ್ರ ಪಟ್ಟಣವಾಸಿಗಳು. ಚಿಕ್ಕ ಪಟ್ಟಣದ ಹಿಂಸೆಯು ಹಳ್ಳಿಯ ಲೆಕ್ಕಕ್ಕೂ ಸರಿಯಾಗಿ ಬಾರದೆ ನಗರದ ಲೆಕ್ಕಕ್ಕೂ ಬಾರದೆ ನಡುವೆ ಉಳಿಯುತ್ತದೆ. ಎಲ್ಲಿ ಎಂಬ ಪ್ರಶ್ನೆಯನ್ನು ಕೇಳದೆ ಎಷ್ಟು ಎಂಬುದನ್ನು ಮಾತ್ರ ಎಣಿಸಿದರೆ ಕಾರಣದ ಜಾಡು ಸಿಕ್ಕುವುದಿಲ್ಲ.

ಎಲ್ಲಿ ಎಂಬ ಪ್ರಶ್ನೆಯನ್ನು ಶಾಸ್ತ್ರರೀತಿಯಲ್ಲಿ ಕೇಳಿದವರಲ್ಲಿ ಮೊದಲಿಗರು ಫ್ರಾನ್ಸ್ ದೇಶದಲ್ಲಿ ಕಾಣಬರುತ್ತಾರೆ. 1829ರಲ್ಲಿ ಗೆರ್ರಿ ಮತ್ತು ಬಾಲ್ಬಿ ಎಂಬಿಬ್ಬರು ಆ ದೇಶದ ಪ್ರಾಂತಗಳ ನಕ್ಷೆಯ ಮೇಲೆ ಅಪರಾಧಗಳ ಪ್ರಮಾಣವನ್ನು ಬಣ್ಣದ ಗಾಢತೆಯಿಂದ ತೋರಿಸಿದರು. ಬಡತನವೂ ಅವಿದ್ಯೆಯೂ ಇದ್ದಲ್ಲಿ ಎಲ್ಲ ಅಪರಾಧವೂ ಹೆಚ್ಚೆಂದು ಆಗಿನ ವಿದ್ಯಾವಂತರು ನಂಬಿದ್ದರು. ನಕ್ಷೆಯು ಬೇರೊಂದನ್ನು ಹೇಳಿತು: ಶ್ರೀಮಂತವೂ ವಿದ್ಯಾವಂತವೂ ಆದ ಉತ್ತರ ಪ್ರಾಂತಗಳಲ್ಲಿ ಕಳವು ಮೋಸಗಳು ಹೆಚ್ಚು, ದಕ್ಷಿಣದಲ್ಲಿ ಮನುಷ್ಯರ ಮೇಲಣ ಹಲ್ಲೆ ಹೆಚ್ಚು. ಹೀಗೆ ನಕ್ಷೆಯು ಹುಟ್ಟಿದಂದೇ ನಮ್ಮ ಪೂರ್ವಗ್ರಹವನ್ನು ಅಲುಗಿಸಿತು.

1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾದಿಂದ ಸತ್ತವರ ಮನೆಗಳನ್ನು ಗುರುತಿಸುತ್ತ ಹೋಗಿ, ಸಾವುಗಳೆಲ್ಲ ಬೀದಿಯ ಒಂದು ನೀರಿನ ಪಂಪಿನ ಸುತ್ತ ಮುತ್ತಿಕೊಂಡಿರುವುದನ್ನು ತೋರಿಸಿದನು. ಆ ಪಂಪಿನ ಹಿಡಿಯನ್ನು ತೆಗೆಸಲಾಯಿತು. ಆ ಬೀದಿಯವರು ಕೊಳಕರೆಂದು ಹೇಳಿ ಅವನು ಸುಮ್ಮನಿದ್ದಿದ್ದರೆ ನೀರಿನ ದೋಷವು ಗೊತ್ತಾಗುತ್ತಿರಲಿಲ್ಲ. ಅದೇ ಲಂಡನ್ನಿನಲ್ಲಿ 1889ರಿಂದ ಚಾರ್ಲ್ಸ್ ಬೂತ್ ಎಂಬವನು ಬೀದಿಬೀದಿಯ ಬಡತನದ ನಕ್ಷೆಗಳನ್ನು ಪ್ರಕಟಿಸಿದನು. ಶ್ರಮದಲ್ಲಿ ಅದಕ್ಕೆ ಸಮನಾದದ್ದು ಅಪೂರ್ವ. ಆದರೆ ಅದರ ಬಣ್ಣಗಳ ವಿವರಣೆಯಲ್ಲಿ ಒಂದು ದೋಷ ನುಸುಳಿತು. ಉಳಿದ ಬಣ್ಣಗಳು ನಿವಾಸಿಗಳ ಸ್ಥಿತಿಗತಿಯನ್ನು ಹೇಳುತ್ತಿದ್ದರೆ, ಕಡುಬಡವರ ಬೀದಿಗೆ ಹಚ್ಚಿದ ಕಪ್ಪು ಬಣ್ಣವು ಅವರು ದುರ್ಗುಣಿಗಳು, ಅರೆ ಅಪರಾಧಿಗಳು ಎಂಬ ತೀರ್ಪನ್ನೂ ಹೇಳಿತು. ಸ್ನೋ ಬಳಸಿದ ನಕ್ಷೆಯು ಕಾರಣವನ್ನು ಹುಡುಕಿತು. ಬೂತನ ಕಪ್ಪು ಬಣ್ಣವು ಕಳಂಕವನ್ನು ಹಚ್ಚಿತು. ಹಿಂಸೆಯ ನಕ್ಷೆಯನ್ನು ಬರೆಯಹೊರಡುವ ಪ್ರತಿಯೊಬ್ಬನ ಮುಂದೆಯೂ ಈ ಎರಡು ದಾರಿಗಳಿವೆ.

ಕಳಂಕದ ದಾರಿಯು ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ನಮ್ಮ ದೇಶದ ಚರಿತ್ರೆಯೇ ಸಾಕ್ಷಿ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಕೆಲವು ಜನಾಂಗಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿ ಮಾಡಿತು. ತಾಯಿಯ ಮಡಿಲಲ್ಲಿದ್ದ ಕೂಸೂ ಕಳ್ಳನೆಂಬ ಹೆಸರನ್ನು ಹೊತ್ತಿತು. ಸ್ವತಂತ್ರ ಭಾರತವು 1952ರಲ್ಲಿ ಆ ಕಾಯಿದೆಯನ್ನು ರದ್ದು ಮಾಡಿತು. ಆದರೆ ಕಾಗದದಿಂದ ಅಳಿಸಿದ ಹೆಸರು ಬಾಯಿಂದ ಅಳಿಸಿಹೋಗುವುದಕ್ಕೆ ತಲೆಮಾರುಗಳು ಸಾಲವು. ಕೇರಿಯ ವಿಷಯದಲ್ಲಿಯೂ ಇದೇ ತಪ್ಪು ನಡೆಯುತ್ತದೆ. ಒಂದು ಕೇರಿಯಲ್ಲಿ ಹಲ್ಲೆಗಳು ಹೆಚ್ಚೆಂದರೆ, ಅಲ್ಲಿನ ಇನ್ನೂರು ಮನೆಗಳಲ್ಲಿ ನೂರ ತೊಂಬತ್ತು ಮನೆಗಳವರು ಆ ಹಲ್ಲೆಗಳಿಂದ ಪೆಟ್ಟು ತಿಂದವರೋ ಅಂಜಿ ಬದುಕುವವರೋ ಆಗಿರಬಹುದು. ಸ್ಥಳದ ಸರಾಸರಿಯಿಂದ ವ್ಯಕ್ತಿಯ ಗುಣವನ್ನು ಊಹಿಸುವುದು ತರ್ಕದೋಷ. ಹಾಗೆ ಊಹಿಸಿ ಆ ಕೇರಿಯ ಹುಡುಗನಿಗೆ ಕೆಲಸ ಕೊಡದಿರುವುದೂ ಬಾಡಿಗೆಗೆ ಮನೆ ಕೊಡದಿರುವುದೂ ಅನ್ಯಾಯ.

ಹಾಗಾದರೆ ಸ್ಥಳಕ್ಕೆ ಸ್ವಭಾವವುಂಟೆಂಬುದರಲ್ಲಿ ನಿಜವಾದ ಅರ್ಧವು ಯಾವುದು? ಅಮೆರಿಕದ ಷಿಕಾಗೋ ನಗರದಲ್ಲಿ ಷಾ ಮತ್ತು ಮೆಕೇ ಎಂಬ ವಿದ್ವಾಂಸರು ದಶಕಗಳ ಬಾಲಾಪರಾಧದ ದಾಖಲೆಗಳನ್ನು ನಕ್ಷೆಗಿಳಿಸಿ 1942ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ನಗರದ ಕೆಲವು ಭಾಗಗಳಲ್ಲಿ ಅಪರಾಧದ ಪ್ರಮಾಣವು ಸತತವಾಗಿ ಹೆಚ್ಚಾಗಿಯೇ ಇತ್ತು. ಆದರೆ ಅಲ್ಲಿ ವಾಸವಾಗಿದ್ದ ಜನರು ಅದೇ ಜನರಾಗಿರಲಿಲ್ಲ. ಒಂದು ದೇಶದಿಂದ ಬಂದವರು ಅಲ್ಲಿದ್ದು, ಸ್ಥಿತಿವಂತರಾಗಿ ಬೇರೆ ಕಡೆಗೆ ಹೋದರು. ಇನ್ನೊಂದು ದೇಶದವರು ಅವರ ಜಾಗಕ್ಕೆ ಬಂದರು. ಹೋದವರೊಡನೆ ಅಪರಾಧವು ಹೋಗಲಿಲ್ಲ. ಬಂದವರನ್ನು ಅದು ಕಾದು ಕುಳಿತಿದ್ದಿತು. ಇದರಿಂದ ದೋಷವು ರಕ್ತದಲ್ಲಿಲ್ಲ, ಬದುಕಿನ ಸನ್ನಿವೇಶದಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಅದೇ ನಗರದ 343 ನೆರೆಹೊರೆಗಳಲ್ಲಿ 8,782 ಜನರನ್ನು ವಿಚಾರಿಸಿ 1997ರಲ್ಲಿ ಪ್ರಕಟವಾದ ಮತ್ತೊಂದು ಶೋಧನೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಮಾನವಾಗಿ ಬಡವಾದ ಎರಡು ಕೇರಿಗಳಲ್ಲಿಯೂ, ನೆರೆಯವರಲ್ಲಿ ಪರಸ್ಪರ ನಂಬಿಕೆಯಿದ್ದು, ಕೆಟ್ಟದ್ದು ನಡೆಯುವಾಗ ನಡುವೆ ಬಂದು ತಡೆಯುವ ಮನಸ್ಸಿರುವ ಕೇರಿಯಲ್ಲಿ ಹಿಂಸೆಯು ಕಡಿಮೆ ಎಂದು ಅದು ತೋರಿಸಿತು.

ಈ ಮಾತು ನಮಗೆ ಅಪರಿಚಿತವಲ್ಲ. “ನಾಲ್ಕು ಜನ ಏನಂದಾರು” ಎಂಬ ನಮ್ಮ ಹಳೆಯ ಅಂಜಿಕೆಯ ಮಾತಿನಲ್ಲಿರುವ ಆ ನಾಲ್ಕು ಜನರೇ ಇವರು. ಜಗಲಿಯ ಮೇಲೆ ಕುಳಿತ ಮುದುಕ, ನಲ್ಲಿಯ ಬಳಿಯ ಹೆಂಗಸರು, ಅಂಗಡಿಯವನು, ಮೇಷ್ಟರು ಇವರ ಕಣ್ಣಿರುವ ಬೀದಿಯಲ್ಲಿ ಎತ್ತಿದ ಕೈ ಒಂದು ಕ್ಷಣವಾದರೂ ತಡೆಯುತ್ತದೆ. ಬಾಡಿಗೆಯ ಕೋಣೆಗಳಲ್ಲಿ ಆರು ತಿಂಗಳಿಗೊಮ್ಮೆ ಜನ ಬದಲಾಯಿಸುವ ಬೀದಿಯಲ್ಲಿ, ದೀಪವಿಲ್ಲದ ಓಣಿಯಲ್ಲಿ, ಶಾಲೆ ಬಿಟ್ಟ ಹುಡುಗರಿಗೆ ಕೆಲಸವೂ ಆಟದ ಬಯಲೂ ಇಲ್ಲದ ಕಡೆಯಲ್ಲಿ, ನೀರಿಗಾಗಿ ಬಿಂದಿಗೆಗಳು ಬಡಿದಾಡುವಲ್ಲಿ, ಹೆಂಡದಂಗಡಿಯ ಬಾಗಿಲಿನಿಂದ ಮನೆಯ ಬಾಗಿಲಿಗೆ ನೆಟ್ಟನೆ ದಾರಿಯಿರುವಲ್ಲಿ ಆ ನಾಲ್ಕು ಜನರು ಚದರಿಹೋಗಿರುತ್ತಾರೆ. ನಮ್ಮ ನಾಲ್ಕು ಪಟ್ಟಣಗಳ ಯಾವ ಕೇರಿಯ ಹೆಸರನ್ನೂ ನಾನು ಇಲ್ಲಿ ಬರೆಯುವುದಿಲ್ಲ; ಹೆಸರು ಬರೆದೊಡನೆ ಈ ಲೇಖನವೂ ಕಳಂಕ ಹಚ್ಚುವವರ ಪಟ್ಟಿಗೆ ಸೇರುತ್ತದೆ. ವಾಚಕರು ತಮ್ಮ ತಮ್ಮ ಊರನ್ನು ಮನಸ್ಸಿನಲ್ಲಿ ಒಮ್ಮೆ ಸುತ್ತಿ ಬಂದರೆ ಸಾಕು.

ನಾಲ್ಕು ಜನರ ಕಣ್ಣು ಎಲ್ಲ ವೇಳೆಯಲ್ಲಿಯೂ ಧರ್ಮದ ಕಣ್ಣಾಗಿರುತ್ತದೆಂದು ಭಾವಿಸುವುದಕ್ಕೂ ಆಗದು. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಂಗಸರು ದೇವಸ್ಥಾನವನ್ನು ಪ್ರವೇಶಿಸಿದುದಕ್ಕೆ ದಂಡ ಹಾಕಿದ ಸುದ್ದಿಯು ಪತ್ರಿಕೆಗಳಲ್ಲಿ ಬಂದಿತು. ಅಲ್ಲಿಯೂ ಒಗ್ಗಟ್ಟಿತ್ತು, ಅದು ದುರ್ಬಲರ ಮೇಲೆ ತಿರುಗಿದ ಒಗ್ಗಟ್ಟು. ಆದುದರಿಂದ ನೆರೆಹೊರೆಯ ಬಲವನ್ನು ಹೊಗಳುವಾಗ, ಅದು ಯಾರನ್ನು ಕಾಯುತ್ತದೆಂಬುದನ್ನು ಕೇಳಲೇಬೇಕು.

ಈ ಸಂದರ್ಭದಲ್ಲಿ ನಕ್ಷೆಯ ದೊಡ್ಡ ಕೊರತೆಯೊಂದನ್ನು ಹೇಳಬೇಕಾಗಿದೆ. ದೂರು ಬಂದ ಹಿಂಸೆಯು ಮಾತ್ರ ನಕ್ಷೆಗೆ ಇಳಿಯುತ್ತದೆ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ಗಂಡನಿಂದ ಹಿಂಸೆಯನ್ನು ಅನುಭವಿಸಿದುದಾಗಿ ಹೇಳಿದರು. ದೇಶದಲ್ಲಿ ಹಿಂಸೆಗೊಳಗಾದ ಹೆಂಗಸರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರು ಯಾರ ಸಹಾಯವನ್ನೂ ಕೇಳಲಿಲ್ಲ, ಯಾರೊಡನೆಯೂ ಹೇಳಿಕೊಳ್ಳಲಿಲ್ಲ ಎಂಬುದೂ ಅದೇ ಸಮೀಕ್ಷೆಯಿಂದ ಹೊರಬಂದಿತು. ಇಷ್ಟು ಹಿಂಸೆಯು ಕೇರಿಯಲ್ಲಿ ಮಾತ್ರವೇ ಇರಲಾರದೆಂಬುದಕ್ಕೆ ಗಣಿತವೇ ಸಾಕು. ಅದು ಹೆಂಚಿನ ಮನೆಯಲ್ಲಿಯೂ ಉಂಟು, ಮಹಡಿಯ ಮನೆಯಲ್ಲಿಯೂ ಉಂಟು. ಗುಡಿಸಲಿನ ಗೋಡೆ ತೆಳು, ಕೂಗು ಹೊರಗೆ ಕೇಳುತ್ತದೆ. ಬಂಗಲೆಯ ಗೋಡೆ ದಪ್ಪ, ಸುತ್ತ ತೋಟ, ಕೂಗು ಒಳಗೇ ಅಡಗುತ್ತದೆ. ನಕ್ಷೆಯು ಅನೇಕ ವೇಳೆ ಹಿಂಸೆಯನ್ನು ಅಳೆಯದೆ ಗೋಡೆಯ ದಪ್ಪವನ್ನು ಅಳೆಯುತ್ತದೆ.

ಈ ಮಾತಿಗೆ ನಮ್ಮ ಜಿಲ್ಲೆಯೇ ಈಚೆಗೆ ನೋವಿನ ಉದಾಹರಣೆಯಾಯಿತು. ಹೊಳೆನರಸೀಪುರದ ಬಳಿಯ ತೋಟದಮನೆಯೊಂದರಲ್ಲಿಯೂ ಬೆಂಗಳೂರಿನಲ್ಲಿಯೂ 2021ರಲ್ಲಿ ಮನೆಗೆಲಸದ ಹೆಂಗಸೊಬ್ಬರ ಮೇಲೆ ನಡೆದ ಅತ್ಯಾಚಾರಕ್ಕಾಗಿ, ಬೆಂಗಳೂರಿನ ವಿಶೇಷ ನ್ಯಾಯಾಲಯವು 2025ರ ಆಗಸ್ಟ್ 2ರಂದು ಹಾಸನ ಕ್ಷೇತ್ರದ ಮಾಜಿ ಲೋಕಸಭಾ ಸದಸ್ಯರೊಬ್ಬರಿಗೆ ಜೀವಾವಧಿ ಕಾರಾಗೃಹವಾಸವನ್ನು ವಿಧಿಸಿತು. ಆ ತೀರ್ಪಿನ ಮೇಲೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿಯೂ ಹೋಯಿತು. ವಿಷಯವು ಬೆಳಕಿಗೆ ಬಂದದ್ದು 2024ರಲ್ಲಿ. ನಡುವಣ ಮೂರು ವರ್ಷಗಳಲ್ಲಿ ಯಾರಾದರೂ ಈ ತಾಲ್ಲೂಕಿನ ಹಿಂಸೆಯ ನಕ್ಷೆಯನ್ನು ಬರೆದಿದ್ದರೆ ಆ ತೋಟದಮನೆಯ ಜಾಗವನ್ನು ಬಿಳಿಯಾಗಿಯೇ ಬಿಡುತ್ತಿದ್ದರು. ಮಾತಾಡಲು ಅಂಜುವ ಸ್ಥಳವೂ ಹಿಂಸೆಯ ಸ್ಥಳವೇ. ಮನೆಯ ಯಜಮಾನನ ಪ್ರಭಾವವೂ ಒಂದು ಸಾಮಾಜಿಕ ಸ್ಥಿತಿಯೇ. ಬಡತನವನ್ನು ಮಾತ್ರ ಹಿಂಸೆಯ ಸನ್ನಿವೇಶವೆಂದು ಎಣಿಸಿ, ಪ್ರಶ್ನಿಸಲಾಗದ ಬಲವನ್ನು ಎಣಿಸದಿರುವ ನಕ್ಷೆಯು ಸುಳ್ಳುನಕ್ಷೆ.

ಇಲ್ಲಿ ಒಂದು ಆಕ್ಷೇಪವು ಬರುತ್ತದೆ. ಅದು ಹಗುರವಾದ ಆಕ್ಷೇಪವಲ್ಲ. ಸನ್ನಿವೇಶವೇ ಹಿಂಸೆಗೆ ಕಾರಣವೆಂದರೆ ಹೊಡೆದವನಿಗೆ ಪಾಪವೆಲ್ಲಿ? ಅದೇ ಓಣಿಯಲ್ಲಿ, ಅದೇ ಹಸಿವಿನಲ್ಲಿ ಬೆಳೆದು ಯಾರ ಮೇಲೆಯೂ ಕೈ ಎತ್ತದ ಸಾವಿರ ಜನರ ಸತ್ತ್ವಕ್ಕೆ ಇದು ಅವಮಾನವಲ್ಲವೆ? ಅರಕಲಗೂಡಿನ ಮನೆತನದವರಾದ ಅ. ನ. ಕೃಷ್ಣರಾಯರು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಎಂಬ ಕಾದಂಬರಿಗಳಲ್ಲಿ ವೇಶ್ಯಾಜೀವನವನ್ನು ಸಮಾಜದ ಪ್ರಶ್ನೆಯಾಗಿ ಚಿತ್ರಿಸಿದಾಗಲೂ ದೊಡ್ಡ ವಿವಾದವೆದ್ದಿತು. ಪತಿತರನ್ನು ಕಂಡು ಹೇಸುವುದು ಸುಲಭ. ಅವರನ್ನು ಬೀಳಿಸಿದ ಮೆಟ್ಟಿಲುಗಳಲ್ಲಿ ನಮ್ಮ ಮನೆಯ ಕಲ್ಲೂ ಒಂದಿದೆಯೇ ಎಂದು ನೋಡುವುದು ಕಷ್ಟ.

ಈ ಆಕ್ಷೇಪಕ್ಕೆ ಉತ್ತರವನ್ನು ನಮ್ಮ ಧರ್ಮಶಾಸ್ತ್ರದಲ್ಲಿಯೇ ಹುಡುಕಬಹುದು. ಯಾಜ್ಞವಲ್ಕ್ಯಸ್ಮೃತಿಯು ಕಳ್ಳನಿಗೂ ಕೊಲೆಗಾರನಿಗೂ ದಂಡವನ್ನು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಕೊಲೆಯೋ ಕಳವೋ ನಡೆದು, ಜಾಡು ಊರಿನಿಂದ ಹೊರಗೆ ಹೋಗಿರದಿದ್ದರೆ ಗ್ರಾಮದ ಒಡೆಯನಿಗೆ ದೋಷವೆನ್ನುತ್ತದೆ. ತನ್ನ ಎಲ್ಲೆಯೊಳಗೆ ನಡೆದುದಕ್ಕೆ ಊರೇ ನಷ್ಟವನ್ನು ಕಟ್ಟಿಕೊಡಬೇಕು, ಎಲ್ಲೆಗಳ ನಡುವಣ ಬಯಲಿನಲ್ಲಿ ನಡೆದರೆ ಸುತ್ತಲ ಐದು ಅಥವಾ ಹತ್ತು ಊರುಗಳು ಸೇರಿ ಕೊಡಬೇಕು ಎಂದು ವಿಧಿಸುತ್ತದೆ. ಈ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯರ ಕಲ್ಯಾಣದಲ್ಲಿದ್ದವನು, ನಮ್ಮ ನಾಡಿನವನು. ಈ ವಿಧಿಯಲ್ಲಿ ಎರಡು ಲೆಕ್ಕಗಳು ಬೇರೆ ಬೇರೆಯಾಗಿ ನಿಂತಿರುವುದನ್ನು ಗಮನಿಸಬೇಕು. ಮಾಡಿದವನ ಲೆಕ್ಕವು ದಂಡದ ಲೆಕ್ಕ. ಅದನ್ನು ನ್ಯಾಯಾಧೀಶನು ನೋಡಿಕೊಳ್ಳುತ್ತಾನೆ, ಊರಿನ ಹೆಸರು ಹೇಳಿ ಅದರಿಂದ ತಪ್ಪಿಸಿಕೊಳ್ಳಲು ಯಾರಿಗೂ ಆಗದು. ಊರಿನ ಲೆಕ್ಕವು ಕಾವಲಿನ ಲೆಕ್ಕ. ಕಾಯಬೇಕಾದಲ್ಲಿ ಕಾಯದೆ ಇದ್ದುದಕ್ಕೆ ಪೆಟ್ಟುತಿಂದವನಿಗೆ ಅದು ಸಲ್ಲಿಸಬೇಕಾದ ಸಾಲ. ಒಬ್ಬನು ಜೈಲಿಗೆ ಹೋದನೆಂದು ಊರಿನ ಸಾಲವು ತೀರುವುದಿಲ್ಲ. ಊರು ತನ್ನ ಸಾಲವನ್ನು ಒಪ್ಪಿಕೊಂಡಿತೆಂದು ಅವನ ಪಾಪವು ಕಡಿಮೆಯಾಗುವುದಿಲ್ಲ.

ಈ ಸಾಲವನ್ನು ತೀರಿಸುವ ಬಗೆ ನಮಗೆ ತಿಳಿಯದ್ದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಸಾಯುವವರನ್ನು ಬೈದು ಯಾರೂ ಊರನ್ನು ಉಳಿಸಲಿಲ್ಲ. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಮನೆಗಳ ಮೇಲೆ ಗಮನ ಬಿದ್ದು ಮಲ್ಲೇಶ್ವರ, ಬಸವನಗುಡಿಗಳಂಥ ಬಡಾವಣೆಗಳು ಎದ್ದವು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಓದಿದವರಿಗೆ ಪ್ಲೇಗು ನಮ್ಮ ಸೀಮೆಯಲ್ಲಿ ಮಾಡಿದ ಹಾನಿಯ ಕಲ್ಪನೆಯುಂಟು. 1973ರ ಕರ್ನಾಟಕದ ಕೊಳಚೆ ಪ್ರದೇಶಗಳ ಕಾಯಿದೆಯು ಕೂಡ ಕೊಳಚೆ ಪ್ರದೇಶದ ಲಕ್ಷಣವನ್ನು ಹೇಳುವಾಗ ಜನರ ನಡತೆಯನ್ನು ಎತ್ತಿಕೊಳ್ಳದೆ, ತಗ್ಗು ನೆಲ, ಇಕ್ಕಟ್ಟು, ಗಾಳಿ ಬೆಳಕು ನೈರ್ಮಲ್ಯಗಳ ಅಭಾವ ಇವುಗಳನ್ನೇ ಎಣಿಸಿತು. ರೋಗದ ವಿಷಯದಲ್ಲಿ ಒಪ್ಪಿಕೊಂಡ ವಿವೇಕವನ್ನು ಹಿಂಸೆಯ ವಿಷಯದಲ್ಲಿಯೂ ಒಪ್ಪಿಕೊಳ್ಳಬೇಕು. 1996ರಲ್ಲಿ ಜಗತ್ತಿನ ಆರೋಗ್ಯಸಭೆಯು ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದೇ ಸಾರಿತು.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ನಿಂತಿರುವ ಬಾಹುಬಲಿಯ ಕಥೆಯನ್ನು ನಾವೆಲ್ಲರೂ ಬಲ್ಲೆವು. ಅಣ್ಣ ಭರತನ ಮುಂದೆ ಗೆದ್ದ ಕೈಯನ್ನು ಇಳಿಸಿದ ಅವನ ವೈರಾಗ್ಯವನ್ನು ಕೊಂಡಾಡುತ್ತೇವೆ. ಆದರೆ ಅದಕ್ಕೆ ಮುಂಚೆ ಆ ಕಥೆಯಲ್ಲಿ ಇನ್ನೊಂದು ಘಟ್ಟವುಂಟು. ಎರಡು ಸೇನೆಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ನಡುವೆ ಬಂದು, ಅಣ್ಣತಮ್ಮಂದಿರ ಜಗಳಕ್ಕೆ ಜನರೇಕೆ ಸಾಯಬೇಕು ಎಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ಆ ಮಂತ್ರಿಗಳು ನಡುವೆ ಬಾರದಿದ್ದರೆ ಬಾಹುಬಲಿಗೆ ಕೈಯನ್ನು ಇಳಿಸುವ ಸಂದರ್ಭವೇ ಒದಗುತ್ತಿರಲಿಲ್ಲವೇನೋ. ಮಹಾಪುರುಷನ ಅಹಿಂಸೆಗೂ ಅನುಕೂಲವಾದ ಒಂದು ನೆರೆಹೊರೆಯು ಬೇಕಾಯಿತು. ಸಾಮಾನ್ಯನಾದ ಹುಡುಗನಿಂದ ಅದಿಲ್ಲದೆಯೇ ಅಹಿಂಸೆಯನ್ನು ನಿರೀಕ್ಷಿಸುವುದು ನ್ಯಾಯವೆ?

ಆದುದರಿಂದ ಹಿಂಸೆಯ ನಕ್ಷೆಯನ್ನು ಬರೆಯಲಿ. ಆದರೆ ಕೆಲವು ನಿಯಮಗಳಿಗೆ ಕಟ್ಟುಬಿದ್ದು ಬರೆಯಲಿ. ಠಾಣೆಯ ದಾಖಲೆಯ ಜೊತೆಗೆ ಆಸ್ಪತ್ರೆಗೆ ಬಂದ ಗಾಯಗಳನ್ನೂ, ಶಾಲೆ ಬಿಟ್ಟ ಮಕ್ಕಳನ್ನೂ, ಉರಿಯದ ಬೀದಿದೀಪವನ್ನೂ, ನೀರು ಬಾರದ ನಲ್ಲಿಯನ್ನೂ ಅದೇ ಹಾಳೆಯ ಮೇಲೆ ಗುರುತಿಸಬೇಕು. ದೂರು ಬಾರದ ಕಡೆಯನ್ನು ಶಾಂತವೆಂದು ಬರೆಯಕೂಡದು, ತಿಳಿಯದೆಂದು ಬರೆಯಬೇಕು. ನಕ್ಷೆಯಲ್ಲಿ ವ್ಯಕ್ತಿಯ ಹೆಸರಾಗಲಿ ಜಾತಿಯಾಗಲಿ ಇರಕೂಡದು. ಅದನ್ನು ಮೊದಲು ಆ ಕೇರಿಯವರಿಗೆ ತೋರಿಸಬೇಕು. ಯಾವ ಮೂಲೆಯಲ್ಲಿ, ಯಾವ ಹೊತ್ತಿನಲ್ಲಿ, ಏತಕ್ಕಾಗಿ ಭಯವೆಂಬುದನ್ನು ಅವರಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಕೊನೆಯದಾಗಿ, ಪುರಸಭೆಯು ಆ ನಕ್ಷೆಯನ್ನು ಪೊಲೀಸರ ಗೋಡೆಗೆ ಮಾತ್ರ ಬಿಡದೆ ತನ್ನ ಆಯವ್ಯಯದ ಪತ್ರದ ಪಕ್ಕದಲ್ಲಿಟ್ಟುಕೊಳ್ಳಬೇಕು. ಕಪ್ಪಾಗಿ ಕಂಡ ಕಡೆಗೆ ಲಾಠಿ ಮಾತ್ರ ಹೋಗಿ ದೀಪವೂ ನೀರೂ ಶಾಲೆಯೂ ಹೋಗದಿದ್ದರೆ, ಆ ನಕ್ಷೆಯು ಬೂತನ ಕಪ್ಪು ಬಣ್ಣವೇ ಆಗಿ ಉಳಿಯುತ್ತದೆ.

“ಆ ಕೇರಿಯೇ ಹಾಗೆ” ಎನ್ನುವವನನ್ನು ಇನ್ನು ಮುಂದೆ ಒಂದು ಪ್ರಶ್ನೆ ಕೇಳಬೇಕು: ಅದನ್ನು ಹಾಗೆ ಬಿಟ್ಟವರು ಯಾರು? ಕೇರಿಗೆ ಬರಬೇಕಾದ ನೀರನ್ನು ತಿರುಗಿಸಿಕೊಂಡವರು, ಅಲ್ಲಿನ ಹುಡುಗನಿಗೆ ಕೆಲಸ ನಿರಾಕರಿಸಿದವರು, ಅಲ್ಲಿಂದ ಬಂದ ಕೆಲಸದ ಹೆಂಗಸಿನ ಕಣ್ಣೀರನ್ನು ನೋಡಿಯೂ ನೋಡದವರು ಅದೇ ಊರಿನವರು. ಒಂದು ಊರಿನ ಎಲ್ಲೆಯನ್ನು ಅದರ ಅತ್ಯಂತ ಸುರಕ್ಷಿತವಾದ ಬೀದಿಯ ಸುತ್ತ ಎಳೆಯುವ ಹಕ್ಕು ಯಾರಿಗೂ ಇಲ್ಲ. ಎಲ್ಲೆಯೊಳಗಿನ ಪ್ರತಿಯೊಂದು ಓಣಿಯೂ ಊರಿಗೆ ಸೇರಿದ್ದು. ಅಲ್ಲಿ ಬಿದ್ದ ಪ್ರತಿಯೊಂದು ಪೆಟ್ಟೂ ಊರಿನ ಲೆಕ್ಕಕ್ಕೆ ಬಂದದ್ದು.